ಗಂಟೆಗೆ ಮೂವತ್ತು

ಮೀಟರು ಇಪ್ಪತ್ತೈದರ ಮೇಲೆ ಏರಲೇ ಇಲ್ಲ. ಅವನು ಹೆಬ್ಬೆರಳಿನಿಂದ ಅದರ ತಲೆಗೆ ಎರಡು ಸಲ ತಟ್ಟಿದ, ಬಾಯಿಗೆ ಬಂದಂತೆ ಬಯ್ದ, ಕೊನೆಗೆ ಕಾಲುವೆಯ ಪಕ್ಕ ಸೈಕಲ್ ನಿಲ್ಲಿಸಿ ಇಳಿದು ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿದ. ಚಕ್ರ ಸರಾಗವಾಗಿ ತಿರುಗಿತು. ಬ್ರೇಕು ಎಲ್ಲಿಯೂ ಉಜ್ಜುತ್ತಿರಲಿಲ್ಲ. ಟೈರು ಕಲ್ಲಿನಂತೆ ಗಟ್ಟಿಯಾಗಿತ್ತು. ರಸ್ತೆಯಂತೂ ಪಂಪ್‌ಹೌಸಿನವರೆಗೆ ಕಾಲುವೆಯ ನೀರಿನ ಜೊತೆಜೊತೆಗೇ ನೆಟ್ಟಗೆ, ಒಂದು ಉಬ್ಬೂ ಇಲ್ಲದೆ ಚಾಚಿಕೊಂಡಿತ್ತು. ತಪ್ಪನ್ನು ಎದುರುಗಾಳಿಯ ಮೇಲೆ ಹಾಕೋಣವೆಂದರೆ ದಡದ ಹುಲ್ಲು ಕೂಡ ಅಲುಗುತ್ತಿರಲಿಲ್ಲ. ದೂರಲು ಬೇರೆ ಯಾರೂ ಸಿಗದೆ ಅವನು ಮತ್ತೆ ಮೀಟರನ್ನೇ ದುರುಗುಟ್ಟಿಕೊಂಡು ನೋಡಿದ.

ಅವನಿಗೆ ಮೂವತ್ತಪ್ಪ ಎಂದು ಹೆಸರಿಟ್ಟವರು ಲಾರಿ ಡ್ರೈವರುಗಳು. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಅವನ ಕೆಲಸ. ಲಾರಿ ಹತ್ತಿ ನಿಂತು, ಅಂಕಿ ಓಲಾಡುವುದನ್ನು ನಿಲ್ಲಿಸಿ, ತೂಕದ ಚೀಟಿ ಅಚ್ಚಾಗಿ ಹೊರಬರುವಷ್ಟರಲ್ಲಿ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಭಾನುವಾರದ ಸವಾರಿಯ ವರದಿ ಒಪ್ಪಿಸಿ ಮುಗಿಸುತ್ತಿದ್ದ. "ಸಪಾಟು ರಸ್ತೇಲಿ ಗಂಟೆಗೆ ಮೂವತ್ತು ಕಣಯ್ಯ. ಒಂದು ಗೆರೆ ಇಳೀಲಿಲ್ಲ." ಹವ್ಯಾಸಕ್ಕೆ ಸೈಕಲ್ ಹೊಡೆಯುವವರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರು, ಬಹಳವೆಂದರೆ ಇಪ್ಪತ್ತೈದು ಹೋಗುತ್ತಾರೆ. ಇಪ್ಪತ್ತೆಂಟು ಮುಟ್ಟಿದವನನ್ನು ಊರಿನ ಸೈಕಲ್ ಕ್ಲಬ್ಬಿನಲ್ಲಿ ತಿರುಗಿ ನೋಡುತ್ತಿದ್ದರು. ಮೂವತ್ತನ್ನು ಕೊನೆಯವರೆಗೂ ಹಿಡಿದಿಟ್ಟವನು ಅದನ್ನು ತಾನೇ ಹೇಳಿಕೊಂಡು ತಿರುಗಬೇಕಾಗಿಲ್ಲ. ಮೂವತ್ತಪ್ಪ ಹೇಳಿಕೊಂಡು ತಿರುಗುತ್ತಿದ್ದ. ಐವತ್ತೊಂದನೆಯ ವಯಸ್ಸಿನಲ್ಲಿ ಕೊಚ್ಚಿಕೊಳ್ಳಲು ಅವನ ಹತ್ತಿರ ಬೇರೆ ಹೆಚ್ಚೇನೂ ಇರಲಿಲ್ಲ.

ಹನ್ನೊಂದು ವರ್ಷಗಳಿಂದ ಗಂಡ ಹೆಂಡತಿ ಪ್ರತಿ ಭಾನುವಾರ ಬೆಳಗ್ಗೆ ಇದೇ ರಸ್ತೆಯಲ್ಲಿ ಸೈಕಲ್ ಹೊಡೆದಿದ್ದರು. ಅಕ್ಕಪಕ್ಕ ಹೋಗುವಷ್ಟು ಅಗಲದ ರಸ್ತೆಯಲ್ಲ ಅದು. ಮೊದಲ ವರ್ಷ ಒಂದು ವ್ಯಾನು ಹೆಂಡತಿಯ ಮೊಣಕೈ ಸವರಿಕೊಂಡು ಹೋದಾಗ ಅವನ ಎದೆ ಧಸಕ್ಕೆಂದಿತ್ತು. "ಇವತ್ತಿಂದ ನೀನು ಮುಂದೆ ಹೋಗು, ಹಿಂದೆ ನಾನಿರ್ತೀನಿ. ಹೊಡೆದ್ರೆ ಮೊದಲು ನನಗೆ ಹೊಡೀಲಿ" ಎಂದಿದ್ದ. ಅದರಲ್ಲಿ ನಾಟಕವೇನೂ ಇರಲಿಲ್ಲ, ಮನಸಾರೆ ಹೇಳಿದ ಮಾತು. ಮೀಟರು ಇದ್ದದ್ದು ಅವನ ಸೈಕಲ್ಲಿಗೆ ಮಾತ್ರ. ಹಾಗಾಗಿ ಅವನು ಹಿಂದಿನಿಂದ ಕೂಗುತ್ತಿದ್ದ: "ಇಪ್ಪತ್ತೊಂಬತ್ತು! ಇನ್ನೊಂಚೂರು ತುಳಿ!" ಅವಳು ತುಳಿಯುತ್ತಿದ್ದಳು. "ಹಾಂ, ಮೂವತ್ತು! ಬಿಡಬೇಡ!" ಅವಳು ಬಿಡುತ್ತಿರಲಿಲ್ಲ. ಪಂಪ್‌ಹೌಸಿನ ನಲ್ಲಿಯ ಹತ್ತಿರ ಇಳಿಯುವಾಗ ಅವಳ ಬೆನ್ನು ಬೆವರಿನಿಂದ ತೊಯ್ದು ತೊಪ್ಪೆಯಾಗಿರುತ್ತಿತ್ತು, ಅವನು ಸಿಳ್ಳೆ ಹಾಕುತ್ತಿದ್ದ. "ನಾನು ಹಿಂದೆ ಇಲ್ದೇ ಇದ್ದಿದ್ರೆ ನೀನು ಇಪ್ಪತ್ತಕ್ಕೇ ಕೂತುಬಿಡ್ತಿದ್ದೆ" ಎನ್ನುತ್ತಿದ್ದ. ಅವಳು ಉಸಿರು ತಿರುಗಿಸಿಕೊಳ್ಳುತ್ತ ತಲೆಯಾಡಿಸುತ್ತಿದ್ದಳು. ಅವಳೂ ಅದನ್ನೇ ನಂಬಿದ್ದಳು.

ಈಗ ಅವಳು ಊರಲ್ಲಿರಲಿಲ್ಲ. ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ನು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತನ್ನ ಕೆಲಸಕ್ಕೆ ಮೂರು ವಾರ ರಜೆ ಹಾಕಿ ಅಕ್ಕನ ಮನೆಗೆ ಹೋಗಿದ್ದಳು. ಅವಳು ವಾಪಸು ಬರುವ ಮೂರನೆಯ ದಿನಕ್ಕೇ ಕ್ಲಬ್ಬಿನ ಸ್ಪರ್ಧೆ. ಒಬ್ಬೊಬ್ಬರನ್ನೇ ಒಂದೊಂದು ನಿಮಿಷ ಬಿಟ್ಟು ಕಳಿಸುತ್ತಾರೆ, ಒಬ್ಬರ ಹಿಂದೆ ಇನ್ನೊಬ್ಬರು ಅಂಟಿಕೊಂಡು ಹೋಗುವಂತಿಲ್ಲ. ಪಂಪ್‌ಹೌಸಿಗೆ ಹೋಗಿ ಬರುವ ಇಪ್ಪತ್ತು ಕಿಲೋಮೀಟರನ್ನು ನಲವತ್ತು ನಿಮಿಷದೊಳಗೆ ಮುಗಿಸಿದವರಿಗೆ ಪಕ್ಕದ ಊರಿನ ಕೂಟಕ್ಕೆ ಹೋಗುವ ತಂಡದಲ್ಲಿ ಜಾಗ. ವಯಸ್ಸು ನಲವತ್ತೈದು ದಾಟಿದವರ ಪಾಲಿಗೆ ಆ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಹೆಂಡತಿಯೂ ಅರ್ಜಿ ತುಂಬಿದ್ದಳು. ಅವನೇ ಬೇಡವೆಂದಿದ್ದ. "ಅಲ್ಲಿ ನಿನ್ನ ಹಿಂದೆ ನಾನಿರೋ ಹಾಗಿಲ್ಲ. ಹೇಳೋರಿಲ್ದೆ ಪೇಚಿಗೆ ಸಿಕ್ಕೊಳ್ತೀಯ. ಜನರ ಮುಂದೆ ಯಾಕೆ?" ಅವಳು ಅರ್ಜಿಯನ್ನು ಮಡಚಿ ಕಪಾಟಿನೊಳಗೆ ಇಟ್ಟಿದ್ದಳು.

ಸೋಮವಾರ ಅವನು ಸೈಕಲ್ಲನ್ನು ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದ. ಅಂಗಡಿಯವನು ಚಕ್ರದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ, ಟೇಪು ಹಿಡಿದು ಅಳೆದ. ಮೀಟರಿನಲ್ಲಿ ತುಂಬಿಸಿದ್ದ ಅಂಕಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ನಿಮ್ಮ ವೇಬ್ರಿಡ್ಜಿಗಿಂತ ಸರಿಯಾಗಿದೆ ಸಾರ್."

"ಹಾಗಾದ್ರೆ ಮೂವತ್ತು ಯಾಕೆ ಬರ್ತಿಲ್ಲ? ಹೋದ ತಿಂಗಳವರೆಗೂ ಬರ್ತಿತ್ತಲ್ಲ?"

"ಅಲ್ಲಿಂದ ಇಲ್ಲೀವರೆಗೆ ಏನು ಬದಲಾಗಿದೆ ಹೇಳಿ. ಟೈರು? ಸೀಟು?"

"ಏನೂ ಇಲ್ಲಪ್ಪ. ನಮ್ಮನೆಯವಳು ಊರಲ್ಲಿಲ್ಲ, ಅಷ್ಟೇ."

ಅಂಗಡಿಯವನು ಟೇಪು ಸುತ್ತುತ್ತಿದ್ದವನು ನಿಲ್ಲಿಸಿದ. "ಮೇಡಂ ಜೊತೆಗೆ ಬರ್ತಿದ್ರಲ್ಲ, ಮುಂದೆ ಯಾರಿರ್ತಿದ್ರು?"

"ಅವಳು."

"ಯಾವಾಗ್ಲೂ?"

"ಯಾವಾಗ್ಲೂ."

"ಮತ್ತೆ ಅದನ್ನ ಮೊದಲೇ ಹೇಳಬಾರದಾ? ಗಾಳಿ ಸೀಳ್ತಿದ್ದವರು ಅವರು. ನೀವು ಅವರ ನೆರಳಲ್ಲಿ ಆರಾಮಾಗಿ ಬರ್ತಿದ್ರಿ."

"ಏಯ್, ಅವಳು ಇರೋದೇ ನಲವತ್ತೆಂಟು ಕೇಜಿ!"

"ತೂಕ ನಿಮ್ಮ ಕೆಲಸಕ್ಕೆ ಸಾರ್, ಗಾಳಿಗೆ ಯಾಕೆ?" ಎಂದ ಅಂಗಡಿಯವನು, ನಗಲೂ ಇಲ್ಲ. ಇನ್ನೊಬ್ಬರ ಚೈನು ಬಿಚ್ಚಲು ಕುಳಿತ.

ಮೂವತ್ತಪ್ಪನಿಗೆ ಗೊತ್ತಿಲ್ಲದ ವಿಷಯವೇನಲ್ಲ ಇದು. ದೊಡ್ಡ ಲಾರಿಯ ಬೆನ್ನಿಗೆ ಬಿದ್ದು ಡೀಸೆಲ್ ಉಳಿಸುವ ಡ್ರೈವರುಗಳ ಕಥೆಯನ್ನು ಅವನೇ ಹತ್ತಾರು ಜನರಿಗೆ ಕೈಯಾಡಿಸಿ ವಿವರಿಸಿದ್ದ. ಆ ಲೆಕ್ಕ ತನ್ನ ಮನೆಗೂ ಸೇರುತ್ತದೆಂದು ಮಾತ್ರ ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅಂಗಡಿಯವನಿಗೆ ತಲೆ ಕೆಟ್ಟಿದೆ ಎಂದುಕೊಂಡು ಮನೆಗೆ ಹೋದ. ಮಂಗಳವಾರ ಬೆಳಗ್ಗೆ ಕೆಲಸಕ್ಕೆ ಮುಂಚೆ ಕಾಲುವೆ ರಸ್ತೆಗೆ ಹೋಗಿ, ಹಲ್ಲು ಕಚ್ಚಿ, ಮೀಟರನ್ನು ಮೂವತ್ತಕ್ಕೆ ಏರಿಸಿದ. ಎರಡು ನಿಮಿಷ ನಿಂತಿತು. ಮೂರನೆಯ ನಿಮಿಷಕ್ಕೆ ತೊಡೆ ನಡುಗಿ, ಕಣ್ಣು ಕತ್ತಲೆ ಬಂದು, ದಡದ ಮೇಲೆ ಕುಳಿತು ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಳ್ಳುವಾಗ ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಹಾಗಾಗಿ ಅದು ಬಹಳ ಹೊತ್ತು ಉರಿಯಿತು.

ಸ್ಪರ್ಧೆಗೆ ಹೋದರೆ ನಲವತ್ತೆಂಟು ನಿಮಿಷ, ಕ್ಲಬ್ಬಿನವರ ಎದುರು, ಡ್ರೈವರುಗಳ ಎದುರು. ಹೋಗದಿದ್ದರೆ ಯಾಕೆಂದು ಹೇಳಬೇಕು. ಮೂರನೆಯ ದಾರಿಯನ್ನು ಅವನು ಎರಡು ದಿನ ಯೋಚಿಸಿ ಕಂಡುಕೊಂಡ. ಹೆಂಡತಿ ಬಂದ ಸಂಜೆ, ಅವಳು ಇನ್ನೂ ಚೀಲ ಬಿಚ್ಚುತ್ತಿರುವಾಗಲೇ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ.

"ಮಂಡಿ ಕೈಕೊಟ್ಟಿದೆ ಕಣೇ. ನನ್ನ ಜಾಗದಲ್ಲಿ ನೀನು ಹೋಗು. ಕ್ಲಬ್ಬಿನ ಮೇಷ್ಟ್ರನ್ನ ಕೇಳಿದೀನಿ, ಶನಿವಾರದವರೆಗೂ ಹೆಸರು ಬದಲಾಯಿಸಬಹುದಂತೆ."

ಅವಳು ಅವನ ಮಂಡಿಯನ್ನು ಎರಡೂ ಕಡೆ ಒತ್ತಿ ನೋಡಿದಳು. ಅವನು ತಪ್ಪು ಕಡೆಯಲ್ಲಿ ಹಾ ಎಂದ.

"ಹಿಂದೆ ನೀವಿಲ್ದೆ ನನಗೆ ಮೂವತ್ತು ಬರುತ್ತೇನ್ರೀ?"

ಹೇಳುವುದಿದ್ದರೆ ಅದೇ ಗಳಿಗೆ. ಅವನ ಬಾಯಿ ತೆರೆದಿತ್ತು ಕೂಡ. "ಬರುತ್ತೆ" ಎಂದಷ್ಟೇ ಹೇಳಿದ.

ಭಾನುವಾರ ಬೆಳಗ್ಗೆ ಕಾಲುವೆಯ ಗೇಟಿನ ಹತ್ತಿರ ಇಪ್ಪತ್ತೆರಡು ಜನ ಸೇರಿದ್ದರು. ಮಂಡಿ ನೋವಿನವನು ಮನೆಯಿಂದ ಐದು ಕಿಲೋಮೀಟರು ಸೈಕಲ್ಲಿನಲ್ಲೇ ಬಂದಿದ್ದ. ಯಾರೂ ಕೇಳಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಕುತ್ತಿಗೆಗೆ ಸ್ಟಾಪ್‌ವಾಚು ನೇತುಹಾಕಿಕೊಂಡು ಒಬ್ಬೊಬ್ಬರ ಹೆಸರನ್ನೂ ಹಾಜರಿ ಕೂಗುವಂತೆ ಕೂಗುತ್ತಿದ್ದರು. ಹೊರಡುವವರು ಎರಡೂ ಕಾಲು ಪೆಡಲಿನ ಮೇಲಿಟ್ಟು ಕೂರಬೇಕು. ಹಿಂದಿನಿಂದ ಒಬ್ಬರು ಸೀಟು ಹಿಡಿದು ನಿಲ್ಲಿಸಿರಬೇಕು. "ನೆನಪಿರಲಿ, ಬರೀ ಕೈಬಿಡೋದು. ತಳ್ಳೋ ಹಾಗಿಲ್ಲ" ಎಂದು ಮೇಷ್ಟ್ರು ಅವನಿಗೂ ಹೇಳಿದರು. ಅವನು ಸೀಟು ಹಿಡಿದ. ಅವಳು ಸಣ್ಣಗೆ ನಡುಗುತ್ತಿದ್ದದ್ದು ಕಬ್ಬಿಣದ ಮೂಲಕ ಅವನ ಕೈಗೆ ತಿಳಿಯುತ್ತಿತ್ತು.

"ಎಷ್ಟು ಬರ್ತಿದೆ ಅಂತ ನನಗೆ ಹೇಗ್ರೀ ಗೊತ್ತಾಗೋದು?"

"ಗೊತ್ತಾಗೋದು ಬೇಡ. ಸುಮ್ನೆ ತುಳಿ."

ಮೇಷ್ಟ್ರು ಐದರಿಂದ ಕೆಳಗೆ ಎಣಿಸಿದರು. ಅವನು ಕೈಬಿಟ್ಟ.

ಆಮೇಲೆ ಮಾಡಲು ಕೆಲಸವಿರಲಿಲ್ಲ. ಅವಳ ಮುಂಚೆ ಹೋದ ಔಷಧಿ ಅಂಗಡಿಯವರು ನಲವತ್ತೆರಡು ನಿಮಿಷಕ್ಕೆ ಬರುತ್ತಾರೆಂದು ಒಬ್ಬರು, ನಲವತ್ತೊಂದಕ್ಕೆ ಎಂದು ಇನ್ನೊಬ್ಬರು ವಾದಿಸುತ್ತಿದ್ದರು. ಅವನು ದಡದ ಕಲ್ಲಿನ ಮೇಲೆ ನಿಂತು ರಸ್ತೆಯ ತುದಿಯನ್ನೇ ನೋಡುತ್ತಿದ್ದ. ಮೂವತ್ತೈದು ಆಯಿತು. ಮೂವತ್ತಾರು ಆಯಿತು. ಅವಳು ತಡವಾಗಿ ಬರಲಿ ಎಂದು ಒಂದು ಕ್ಷಣ ಮನಸಾರೆ ಬಯಸಿದ. ನಲವತ್ತೊಂದಕ್ಕೆ ಬಂದರೂ ಸಾಕು, ಅವಳಿಗೆ ಅವಮಾನವಿಲ್ಲ, ತನ್ನ ಗುಟ್ಟೂ ಬಯಲಾಗದು, ಇಬ್ಬರೂ ಹಾಗೆ ಹೀಗೆ ಬಚಾವು. ಅಷ್ಟರಲ್ಲಿ ದೂರದಲ್ಲಿ ಒಂದು ಚುಕ್ಕೆ ಕಾಣಿಸಿತು. ಔಷಧಿ ಅಂಗಡಿಯವರ ಬಿಳಿ ಅಂಗಿಯಲ್ಲ ಅದು. ಅವರನ್ನು ಅವಳು ಎಲ್ಲೋ ಹಿಂದೆ ಹಾಕಿಬಂದಿದ್ದಳು. ಅವಳ ತಲೆ ಹ್ಯಾಂಡಲಿನ ಮೇಲೆ ಬಾಗಿತ್ತು, ಮೊಣಕೈ ಒಳಗೆ ಸೇರಿಕೊಂಡಿದ್ದವು, ಕಾಲು ಅವಸರವಿಲ್ಲದೆ ತಿರುಗುತ್ತಿದ್ದವು. ಹನ್ನೊಂದು ವರ್ಷಗಳಲ್ಲಿ ಅವಳು ಸೈಕಲ್ ಹೊಡೆಯುವುದನ್ನು ಅವನು ಎದುರಿನಿಂದ ನೋಡಿದ್ದು ಅದೇ ಮೊದಲು. ತಾನು ಬಯಸಿದ್ದು ನೆನಪಾಗಿ ಅವನು ಯಾರ ಮುಖವನ್ನೂ ನೋಡಲಾರದಾದ.

"ಮೂವತ್ತೆಂಟು ನಿಮಿಷ, ಇಪ್ಪತ್ತು ಸೆಕೆಂಡು!" ಎಂದು ಮೇಷ್ಟ್ರು ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. "ಏನ್ರೀ ಮೂವತ್ತಪ್ಪ, ಮನೇಲಿ ನಿಮ್ಮ ಮರ್ಯಾದೆ ಹೋಯ್ತಲ್ಲ!"

ಎಲ್ಲರೂ ನಕ್ಕರು. ಅವನೂ ನಕ್ಕ. ಮೇಷ್ಟ್ರು ತಂಡದ ಪಟ್ಟಿಯಲ್ಲಿ ಅವಳ ಹೆಸರನ್ನು ಡ್ರಾಯಿಂಗಿನ ಅಕ್ಷರಗಳಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಅವಳು ಅಭಿನಂದನೆಗಳನ್ನೆಲ್ಲ ತಲೆಯಾಡಿಸಿ ತೆಗೆದುಕೊಂಡು, ಅರ್ಧ ಬಾಟಲಿ ನೀರು ಕುಡಿದು ಅವನ ಹತ್ತಿರ ಬಂದಳು.

"ಒಬ್ಬಳೇ ಹೋದ್ರೆ ಕಷ್ಟ ಅಂದಿದ್ರಿ" ಎಂದಳು. "ಎಲ್ಲಾ ಭಾನುವಾರದ ಹಾಗೇ ಇತ್ತು. ಗಾಳಿನೂ ಅಷ್ಟೇ ಇತ್ತು."

ಆಪಾದನೆಯ ದನಿ ಅಲ್ಲ ಅದು. ಲಾಂಡ್ರಿಯಲ್ಲಿ ಇವತ್ತು ಎಷ್ಟು ಬೆಡ್‌ಶೀಟು ಬಂತೆಂದು ಹೇಳುವಾಗಿನ ದನಿ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು. ಅವಳು ಅವನ ಸೈಕಲ್ಲನ್ನೂ ತನ್ನ ಸೈಕಲ್ಲನ್ನೂ ಅವುಗಳ ನಡುವಿನ ನೆಲವನ್ನೂ ನೋಡಿದಳು. ಅವನಿಗೆ ತಡೆಯಲಾಗಲಿಲ್ಲ.

"ಮಂಡಿಗೆ ಏನೂ ಆಗಿಲ್ಲ."

"ಅದು ಗೊತ್ತು."

"ನಾನೊಬ್ಬನೇ ಹೋದ್ರೆ ಇಪ್ಪತ್ತೈದರ ಮೇಲೆ ಬರಲ್ಲ."

"ಯಾವಾಗಿಂದ?"

ಅವನು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಮೊದಲಿಂದಾನೂ ಇರಬೇಕು."

ಅವಳು ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬಾಟಲಿಯ ಮುಚ್ಚಳ ತಿರುಗಿಸಿದಳು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು, ಸೈಕಲ್ಲನ್ನು ರಸ್ತೆಗೆ ತಂದು ಪಕ್ಕಕ್ಕೆ ಸರಿದು ನಿಂತಳು.

"ನಡೀರಿ. ನೀವು ಮುಂದೆ."

"ವ್ಯಾನು ಗೀನು ಬಂದ್ರೆ?"

"ಬಂದ್ರೆ ಕೂಗ್ತೀನಿ."

ಅವನು ಹತ್ತಿ ಹೊರಟ. ಬಿಸಿಲು ಏರಿತ್ತು, ರಸ್ತೆ ಖಾಲಿಯಾಗಿತ್ತು. ಗಾಳಿ ಎದೆಗೂ ಕಿವಿಗೂ ಬಡಿಯಿತು. ಮೈಭಾರವನ್ನೆಲ್ಲ ಹಾಕಿ ತುಳಿದ. ಮೀಟರು ಇಪ್ಪತ್ತೈದು ಮುಟ್ಟಿ ಅಲ್ಲೇ ನಿಂತಿತು. ಅಂಗಿಯೊಳಗೆ ಬೆವರು ಇಳಿಯತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ಅವಳ ಸೈಕಲ್ಲಿನಿಂದ ಟಿಕ್ ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳಿಸಿತು. ಕಾಲು ತುಳಿಯುವುದನ್ನು ನಿಲ್ಲಿಸಿದಾಗ, ಸೈಕಲ್ಲು ತನ್ನಷ್ಟಕ್ಕೆ ತಾನೇ ಉರುಳುವಾಗ ಮಾತ್ರ ಹಿಂದಿನ ಚಕ್ರದಿಂದ ಬರುವ ಸದ್ದು ಅದು. ಅವನು ಸೀಟಿನಿಂದ ಎದ್ದು ನಿಂತು ತುಳಿದ. ಸದ್ದು ನಿಂತಿತು. ನಾಲ್ಕು ಸುತ್ತಿನ ನಂತರ ಮತ್ತೆ ಶುರುವಾಯಿತು.