ಅಂಟಿಗೊಂದು ಹಿಡಿ ಹಿಟ್ಟು

ಶಿಕಾರಿಪುರದ ತೀರ್ಥೇಶ್ ಅನ್ನ ಬಿಟ್ಟು ಎರಡೂವರೆ ವರ್ಷವಾಗಿತ್ತು. ಬಿಡುವವರು ಸುಮ್ಮನೆ ಬಿಡಬೇಕು. ಇವನು ಊರಿಗೆಲ್ಲ ಡಂಗುರ ಹೊಡೆದು ಬಿಟ್ಟಿದ್ದ. ಭತ್ತದ ರೈತರಿಗೆ ಗೊಬ್ಬರ ಮಾರುವ ಅಂಗಡಿ ಅವನದು. ಯೂರಿಯಾ ಚೀಲ ತೆಗೆದುಕೊಡುತ್ತಲೇ, "ಅನ್ನ ಅಂದ್ರ ವಿಷ ಐತಿ ನೋಡ್ರಿ" ಎಂದು ಬುದ್ಧಿ ಹೇಳುತ್ತಿದ್ದ. ವಿಷ ಬೆಳೆಯುವವರು ತಲೆಯಾಡಿಸಿ, ಚೀಲ ಹೊತ್ತುಕೊಂಡು ಹೋಗುತ್ತಿದ್ದರು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾಲ್ಕು ದಿನದ ಹುಚ್ಚು ಇಳಿದೀತು ಎಂದುಕೊಂಡಿದ್ದಳು ಹೆಂಡತಿ ಶ್ರೀಲತಾ. ಇಳಿಯಲಿಲ್ಲ. ಕಾಫಿಗೆ ಬೆಣ್ಣೆ ಬಿತ್ತು. ಹೂಕೋಸನ್ನು ಸಣ್ಣಗೆ ಹೆಚ್ಚಿ ಅದನ್ನು ಅನ್ನ ಎಂದು ಕರೆಯಬೇಕಾಯಿತು, ಬಾದಾಮಿ ಹಿಟ್ಟಿನಲ್ಲಿ ರೊಟ್ಟಿ ತಟ್ಟಬೇಕಾಯಿತು. ಮೊಟ್ಟೆ ಮಾಂಸ ಮುಟ್ಟದ ಮನೆಯಾದ್ದರಿಂದ ತುಪ್ಪ, ಪನೀರ್, ಕೊಬ್ಬರಿ ಎಣ್ಣೆಗಳೇ ಅವನ ಬಂಧುಬಳಗವಾದವು. ಬೆಳಿಗ್ಗೆ ಎದ್ದವನು ಒಂದು ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುತ್ತಿದ್ದ. ಅದು ನೇರಳೆ ಬಣ್ಣಕ್ಕೆ ತಿರುಗಿದರೆ ಮೈ ಕೊಬ್ಬನ್ನೇ ಉರಿಸುತ್ತಿದೆ ಎಂದರ್ಥವಂತೆ. ಗಂಡಸರು ಬೆಳಗಾಗೆದ್ದು ದೇವರ ಮುಖ ನೋಡುವುದನ್ನು ಅವಳು ಕಂಡಿದ್ದಳು, ಇದನ್ನು ಕಂಡಿರಲಿಲ್ಲ.

ಸಂಜೆಯಾದರೆ ಮೊಯಿನ್‌ನ ಜಿಮ್. ನೆಲದಿಂದ ಭಾರದ ಕಂಬಿ ಎತ್ತುವುದರಲ್ಲಿ ತೀರ್ಥೇಶ್ ತೊಂಬತ್ತು ಕೆಜಿಗೆ ಬಂದು ನಿಂತಿದ್ದ, ಒಂದು ವರ್ಷ ಅಲ್ಲೇ ನಿಂತಿದ್ದ.

"ಸಾರ್, ಎತ್ತೋ ಮುಂಚೆ ಒಂದು ಬಾಳೆಹಣ್ಣು ತಿನ್ನಿ ಸಾರ್. ಗಾಡಿಗೆ ಪೆಟ್ರೋಲ್ ಬೇಕಲ್ವಾ?" ಎಂದ ಮೊಯಿನ್.

"ನನ್ನ ಗಾಡಿ ತುಪ್ಪದ ಮ್ಯಾಲೆ ಓಡ್ತೈತಿ" ಎಂದ ತೀರ್ಥೇಶ್. ಓಡುತ್ತಿರಲಿಲ್ಲ, ಹೇಳುತ್ತಿದ್ದ ಅಷ್ಟೆ.

ಇದೆಲ್ಲ ಮನೆಯೊಳಗಿನ ತಮಾಷೆಯಾಗಿದ್ದರೆ ಶ್ರೀಲತಾ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ತವರು ಸೊರಬದ ಆಚೆ ಉಳವಿ. ಅಪ್ಪ ಸುಬ್ಬಪ್ಪ ಮೂರು ಎಕರೆ ಗದ್ದೆ ಮಾಡುವವನು. ಕೊಯ್ಲು ಮುಗಿದು ಹೊಸ ಅಕ್ಕಿ ಮನೆಗೆ ಬಂದಾಗ ಅವರ ಮನೆಯಲ್ಲೊಂದು ಪದ್ಧತಿಯಿದೆ. ಹೊಸ ಅಕ್ಕಿಯ ಅನ್ನವನ್ನು ಮೊದಲು ಅಳಿಯನ ಎಲೆಗೆ ಬಡಿಸುತ್ತಾರೆ. ಅಳಿಯ ಮೊದಲ ತುತ್ತು ತೆಗೆದುಕೊಳ್ಳುವ ತನಕ ಉಳಿದವರು ಎಲೆಗೆ ಕೈ ಹಾಕುವುದಿಲ್ಲ. ಕಳೆದ ವರ್ಷ ತೀರ್ಥೇಶ್ ಆ ಎಲೆಯ ಮುಂದೆ ಕೂತು, ಬಡಿಸಿದ ಅನ್ನವನ್ನು ಬೆರಳ ತುದಿಯಿಂದ ಅತ್ತ ಸರಿಸಿ, ಚೀಲದಿಂದ ಪನೀರಿನ ಡಬ್ಬಿ ತೆಗೆದ. ಅದೂ ಸಾಲದೆ ಸಕ್ಕರೆ ಕಾಯಿಲೆಯ ಮೇಲೆ ಕಾಲು ಗಂಟೆ ಭಾಷಣ ಮಾಡಿದ. ಅನ್ನ ಆರಿತು. ಸುಬ್ಬಪ್ಪ ಎಲೆ ಬಿಟ್ಟೆದ್ದು, ಉಣ್ಣದ ಕೈಯನ್ನು ತೊಳೆದುಕೊಂಡು ಗದ್ದೆಯ ಕಡೆ ನಡೆದುಬಿಟ್ಟ. ಆಮೇಲೆ ಅವನು ಮಗಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಈ ವರ್ಷ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬರೋದಾದ್ರೆ ಉಣ್ಣೋಕೆ ಬನ್ನಿ. ಇನ್ನೊಂದ್ಸಾರಿ ನನ್ನ ಅನ್ನ ಎಲೇಲಿ ಅನಾಥ ಆದ್ರೆ, ಈ ಮನೆ ನಿಂಗೂ ಇಲ್ಲ ಅಂದ್ಕೋ ಮಗಾ." ಶ್ರೀಲತಾ ಆ ದಿನ ಒಲೆಯ ಮುಂದೆ ಕೂತು ಅತ್ತಳು.

ಅಷ್ಟರಲ್ಲಿ ಒಂದು ಸಂಗತಿ ನಡೆದುಹೋಗಿತ್ತು. ಅದು ಅವಳಿಗೆ ಮಾತ್ರ ಗೊತ್ತಿತ್ತು.

ಬಾದಾಮಿ ಹಿಟ್ಟಿಗೆ ಅಂಟಿಲ್ಲ. ತಟ್ಟಿದರೆ ಒಡೆಯುತ್ತದೆ, ಹಂಚಿಗೆ ಹಾಕಿದರೆ ಪುಡಿಯಾಗುತ್ತದೆ. ಯುಗಾದಿಯ ಮರುದಿನ ಮೂರು ರೊಟ್ಟಿ ಸಾಲಾಗಿ ಒಡೆದಾಗ, ಗಂಡ ಆಚೆಯಿಂದ "ಆತೇನ?" ಎಂದು ಕೂಗುತ್ತಿದ್ದಾಗ, ಅವಳು ಸಿಟ್ಟಿನಲ್ಲಿ ಅಪ್ಪನ ಅಕ್ಕಿಯ ಹಿಟ್ಟು ಒಂದು ಹಿಡಿ ತೆಗೆದು ಅದಕ್ಕೆ ಕಲಸಿಬಿಟ್ಟಳು. ಅಂಟಿಗೆ, ಅಷ್ಟೇ. ತೀರ್ಥೇಶ್ ಬೆಣ್ಣೆ ಸವರಿಕೊಂಡು ತಿಂದು, "ಇವತ್ತ ನಿನ್ನ ಕೈ ಹದಕ್ಕ ಬಂದೈತಿ ನೋಡು" ಎಂದ. ಆ ವಾರ ತೊಂಬತ್ತೈದು ಎತ್ತಿದ.

ಹೊಗಳಿಕೆ ಕೇಳಿದ ಕೈ ಸುಮ್ಮನಿರುತ್ತದೆಯೇ? ಒಂದು ಹಿಡಿ ಎರಡಾಯಿತು. ಕಂಬಿ ನೂರರ ಗಡಿ ದಾಟಿತು. ಶ್ರಾವಣಕ್ಕೆ ಅರ್ಧಕ್ಕರ್ಧ, ದೀಪಾವಳಿಯ ಹೊತ್ತಿಗೆ ಘಮಕ್ಕೆಂದು ಎರಡು ಚಮಚ ಬಾದಾಮಿ ಬಿಟ್ಟರೆ ಉಳಿದದ್ದೆಲ್ಲ ಉಳವಿಯ ಅಕ್ಕಿ. ತೀರ್ಥೇಶ್ ನೂರ ನಲವತ್ತು ಎತ್ತಿ, ಅದರ ವಿಡಿಯೋವನ್ನು ನೆಂಟರಿಗೆಲ್ಲ ಕಳಿಸಿದ. "ಎರಡೂವರೆ ವರ್ಷದಿಂದ ಒಂದು ಅಗುಳು ಒಳಗೆ ಹೋಗಿಲ್ಲ" ಎಂದು ಕೆಳಗೆ ಬರೆದಿದ್ದ.

ಪಟ್ಟಿ ನೇರಳೆಯಾಗುವುದು ನಿಂತಾಗ ಮಾತ್ರ ಶ್ರೀಲತಾ ಇನ್ನು ಸಿಕ್ಕಿಬಿದ್ದೆ ಎಂದುಕೊಂಡಳು. ಆದರೆ ಅವನ ಮೊಬೈಲಿನ ಗುರುವೊಬ್ಬ ಅದಕ್ಕೂ ಪರಿಹಾರ ಹೇಳಿದ್ದ: ಬಹಳ ಕಾಲ ಸಾಧನೆ ಮಾಡಿದವರ ಪಟ್ಟಿ ಬಣ್ಣ ತೋರಿಸುವುದಿಲ್ಲವಂತೆ. "ನನ್ನ ಮೈಗೆ ಸಿದ್ಧಿ ಆಗೈತಿ" ಎಂದು ತೀರ್ಥೇಶ್ ಪಟ್ಟಿಯ ಡಬ್ಬಿಯನ್ನೇ ಎಸೆದ. ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಒಮ್ಮೊಮ್ಮೆ ಚುಚ್ಚುತ್ತಿತ್ತು. ಆಗೆಲ್ಲ ಅಪ್ಪ ಎಲೆ ಬಿಟ್ಟು ಎದ್ದದ್ದು ಕಣ್ಣಿಗೆ ಕಟ್ಟುತ್ತಿತ್ತು, ಇನ್ನೊಂದು ಹಿಡಿ ಬೀಳುತ್ತಿತ್ತು.

ದೇವರ ಮುಂದಿಡಲಿ ಎಂದು ಅವ್ವ ವನಜಮ್ಮ ಬಸ್ಸಿನಲ್ಲಿ ಎರಡು ಸೇರು ಹೊಸ ಅಕ್ಕಿ ಕಳಿಸಿದ್ದಳು. ಶ್ರೀಲತಾ ದೇವರಿಗೆ ಒಂದು ಹಿಡಿ ಇಟ್ಟು, ಉಳಿದದ್ದನ್ನು ಬೀಸಿಸಿ, ಹೊರಡುವ ದಿನ ಬೆಳಿಗ್ಗೆ ಅದರಲ್ಲೇ ನಾಲ್ಕು ರೊಟ್ಟಿ ತಟ್ಟಿ ಗಂಡನ ಡಬ್ಬಿಗೆ ಹಾಕಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಳಿಯ ತಿನ್ನುವ ರೊಟ್ಟಿಯೂ ಹೊಸ ಅಕ್ಕಿಯದೇ ಎಂದು ಮೊದಲು ಹೋಗಿ ಅವ್ವನ ಕಿವಿಗೆ ಹಾಕಿದರಾಯಿತು ಎಂಬುದು ಲೆಕ್ಕಾಚಾರ.

ಶಿರಾಳಕೊಪ್ಪ ದಾಟಿದ ಮೇಲೆ ಒಮ್ಮೆ ನೇರವಾಗಿಯೂ ಕೇಳಿ ನೋಡಿದಳು. "ರೀ, ಒಂದೇ ಒಂದು ತುತ್ತು. ಅಪ್ಪಯ್ಯನ ಮುಖ ನೋಡಿ."

"ಒಂದು ಅಗುಳು ಬಿದ್ರೂ ಎರಡೂವರೆ ವರ್ಷ ನೀರಾಗ ಹೋಕ್ಕತಿ. ನನ್ನ ಮೈ ತಕ್ಷಣ ಕಂಡುಹಿಡಿತೈತಿ."

ಅವನ ಮೈ ಏನೇನು ಕಂಡುಹಿಡಿದಿದೆ ಎಂಬುದು ಅವಳಿಗೆ ಗೊತ್ತಿತ್ತು.

ಸೊರಬದಲ್ಲಿ ಉಳವಿಯ ಬಸ್ಸು ತಡವಾಯಿತು. ಮನೆ ಮುಟ್ಟುವ ಹೊತ್ತಿಗೆ ಎಲೆ ಹಾಕಿ, ಹನ್ನೆರಡು ಜನ ಕೂತಾಗಿತ್ತು. ಅವ್ವನ ಕಿವಿ ಸಿಗಲಿಲ್ಲ. ವನಜಮ್ಮ ಹಬೆಯಾಡುವ ಹೊಸ ಅನ್ನ ತಂದು ಅಳಿಯನ ಎಲೆಗೆ ಬಡಿಸಿದಳು. ಎಲ್ಲರ ಕೈ ತೊಡೆಯ ಮೇಲಿತ್ತು. ಸುಬ್ಬಪ್ಪ ತಲೆ ತಗ್ಗಿಸಿ ತನ್ನ ಎಲೆಯನ್ನೇ ನೋಡುತ್ತಿದ್ದ.

"ಮಾವಾರೆ, ತಪ್ಪು ತಿಳೀಬ್ಯಾಡ್ರಿ" ಎನ್ನುತ್ತ ತೀರ್ಥೇಶ್ ಡಬ್ಬಿ ತೆಗೆದ. "ನೂರಾ ನಲವತ್ತು ಕೆಜಿ ಎತ್ತತೀನಿ. ಅನ್ನದಾಗ ಎಲ್ಲೈತ್ರಿ ಅಷ್ಟು ತಾಕತ್ತು? ಇದರಾಗ ಐತಿ."

ಸುಬ್ಬಪ್ಪ ಏಳಲು ನೆಲಕ್ಕೆ ಕೈ ಊರಿದ.

"ಕೊಡಿ ನೋಡಾಣ, ಎಂಥಾ ರೊಟ್ಟಿ ಅದು" ಎಂದು ವನಜಮ್ಮ ಬಗ್ಗಿದಳು. ನಲವತ್ತು ವರ್ಷ ಅಕ್ಕಿ ರೊಟ್ಟಿ ತಟ್ಟಿದ ಕೈ ಅದು. ಒಂದು ಚೂರು ಮುರಿದಳು, ಮೂಸಿದಳು, ಬಾಯಿಗೆ ಹಾಕಿಕೊಂಡಳು. ಆಮೇಲೆ ಮಗಳನ್ನು ನೋಡಿದಳು.

"ಯಾವಾಗ ಬೀಸಿಸಿದ್ದೇ ಇದು?"

"ಮೊನ್ನೆ, ಅವ್ವಾ. ನೀನು ಕಳಿಸಿದ ಮಾರನೇ ದಿನ."

ವನಜಮ್ಮ ಇನ್ನೊಂದು ಚೂರನ್ನು ಗಂಡನ ಅಂಗೈಗೆ ಇಟ್ಟಳು. ಸುಬ್ಬಪ್ಪ ಅಗಿದ, ನಿಲ್ಲಿಸಿದ, ಮತ್ತೆ ನಿಧಾನವಾಗಿ ಅಗಿದ. ನೆಲಕ್ಕೆ ಊರಿದ ಕೈ ತಾನಾಗಿಯೇ ಮೇಲೆ ಬಂತು. ಪಕ್ಕದ ಮನೆಯ ದ್ಯಾಮಮ್ಮಜ್ಜಿಯೂ ಕೈ ಚಾಚಿ ಒಂದು ಚೂರು ತೆಗೆದುಕೊಂಡಳು. ಅವಳ ಬಾಯಿಗೆ ಬಿದ್ದದ್ದು ಊರಿಗೆ ಬಿದ್ದಂತೆಯೇ.

"ಅಳಿಯಂದ್ರೇ, ನಿಮ್ಮ ರೊಟ್ಟೀನೇ ಉಣ್ಣಿ, ಮೊದಲ ತುತ್ತು ನೀವೇ ತಗೊಳ್ಳಿ" ಎಂದ ಸುಬ್ಬಪ್ಪ.

ತೀರ್ಥೇಶ್ ಗೆದ್ದವನಂತೆ ರೊಟ್ಟಿ ಮುರಿದು ಬಾಯಿಗಿಟ್ಟ. ಹನ್ನೆರಡು ಕೈಗಳು ಒಟ್ಟಿಗೆ ಎಲೆಗೆ ಇಳಿದವು. ಸುಬ್ಬಪ್ಪ ಮೂರು ಸಲ ಅನ್ನ ಬಡಿಸಿಕೊಂಡ. ಅಪ್ಪ ಉಣ್ಣುವುದನ್ನು ನೋಡುತ್ತ ಶ್ರೀಲತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಸಾರಿನ ಖಾರ ಎಂದಳು.

ಊಟವಾಗಿ ಅಳಿಯ ಮಲಗಿದ್ದಾಗ ಸುಬ್ಬಪ್ಪ ಗಿರಣಿಗೆ ಹೋಗಿಬಂದ. ಸಂಜೆ ಹೊರಡುವಾಗ ಜಗಲಿಯ ಮೇಲೆ ಇಪ್ಪತ್ತೈದು ಕೆಜಿಯ ಒಂದು ಚೀಲವಿತ್ತು.

"ನಿಮ್ಮ ರೊಟ್ಟಿ ಹಿಟ್ಟು, ಅಳಿಯಂದ್ರೇ."

"ಇಷ್ಟು ಬಾದಾಮಿ ಎಲ್ಲಿ ಸಿಕ್ತು ಮಾವಾರೆ?"

"ನಮ್ಮ ಗದ್ದೇಲೇ ಬೆಳೀತು ಬಿಡಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ತೀರ್ಥೇಶ್ ನಕ್ಕ. ಚೀಲವನ್ನು ಒಂದೇ ಏಟಿಗೆ ಹೆಗಲಿಗೇರಿಸಿ ಬಸ್ಸಿನ ಕಡೆ ಹೊರಟ. ದ್ಯಾಮಮ್ಮಜ್ಜಿ ಆಗಲೇ ಕೇರಿಯೆಲ್ಲ ಸುತ್ತಿ ಬಂದಿದ್ದಳು. ಮನೆಮನೆಯ ಬಾಗಿಲಲ್ಲೂ ಜನ ನಿಂತಿದ್ದರು. ತನ್ನ ತೋಳು ನೋಡಲು ನಿಂತಿದ್ದಾರೆಂದು ಅವನು ಎದೆ ಇನ್ನಷ್ಟು ಉಬ್ಬಿಸಿ ನಡೆದ.

ಸೊರಬದಿಂದ ಶಿಕಾರಿಪುರದ ಬಸ್ಸಿನಲ್ಲಿ ಚೀಲ ಇಬ್ಬರ ಕಾಲ ಬಳಿಯಿತ್ತು. ಶ್ರೀಲತಾಳಿಗೆ ನಗು ತಡೆದು ತಡೆದು ಸಾಕಾಗಿತ್ತು. ಇನ್ನು ಸಾಕು ಎನ್ನಿಸಿತು.

"ರೀ, ಚೀಲದಲ್ಲಿರೋದು ಅಕ್ಕಿ ಹಿಟ್ಟು. ಯುಗಾದಿಯಿಂದ ನೀವು ತಿಂತಾ ಇರೋದೂ ಅದನ್ನೇ."

ತೀರ್ಥೇಶ್ ಅವಳ ಮುಖ ನೋಡಿದ. ಆಮೇಲೆ ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕ. "ನೀನೂ ನಿಮ್ಮಪ್ಪನ ಜೋಡಿ ಸೇರ್ಕಂಡಿ ಏನು?" ಎಂದು ಅಂಗಿಯ ತೋಳು ಮೇಲೇರಿಸಿದ. "ಇದು ಅಕ್ಕಿ ಹಿಟ್ಟಿನಾಗ ಬರ್ತೈತೇನು? ಮುಟ್ಟಿ ನೋಡು."

ಅವಳು ಮುಟ್ಟಿ ನೋಡಿದಳು. ಒಳ್ಳೆಯ ತೋಳೇ. ಅಪ್ಪ ಬೆಳೆದದ್ದು, ತಾನು ತಟ್ಟಿದ್ದು ಅದರೊಳಗೆ ಗಟ್ಟಿಯಾಗಿ ಕೂತಿತ್ತು, ಅವರಿಬ್ಬರ ಹೆಸರು ಮಾತ್ರ ಅಲ್ಲಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಅದರ ಹಿಂದೆಯೇ ಹಗುರವೂ ಆಯಿತು. ನಿಜ ಹೇಳಿಯಾಗಿತ್ತು, ನಂಬದಿದ್ದರೆ ಆ ಪಾಪ ಅವನದು.

ನಾಳೆಯಿಂದ ಆ ಎರಡು ಚಮಚ ಬಾದಾಮಿಯನ್ನೂ ಹಾಕುವುದು ಬೇಡ ಎಂದುಕೊಂಡು, ಚೀಲದ ಮೇಲೆ ಕಾಲಿಡದ ಹಾಗೆ ಸರಿದು ಕೂತು, ಅವಳು ಕಣ್ಣು ಮುಚ್ಚಿದಳು.