ಹಾಡಿನೊಳಗಿನ ಹೆಸರು

ವೆರ್ನೀಟಾಳ ತಲೆ ಬೇಸಿನ್ನಿನ ಅಂಚಿಗೆ ಹಿಂದಕ್ಕೆ ವಾಲಿತ್ತು. ಮಿಸ್ ಪರ್ಲೀನ್ ಬೆಚ್ಚಗಿನ ನೀರು ಬಿಟ್ಟು, ಕೂದಲಿನ ಬುಡವನ್ನು ಬೆರಳಿಂದ ಉಜ್ಜುತ್ತಿದ್ದಳು. ಶನಿವಾರವಾದ್ದರಿಂದ ಸಲೂನಿನ ಕುರ್ಚಿಗಳೆಲ್ಲ ತುಂಬಿದ್ದವು. ಕಿಟಕಿಯ ಮೇಲಿದ್ದ ರೇಡಿಯೋದಲ್ಲಿ ಡ್ರಮ್ಮಿನ ಪೆಟ್ಟು ಶುರುವಾಗಿ ಅದರ ಮೇಲೊಂದು ಗಂಡಸಿನ ದನಿ ಏರಿತು.

"ಏಯ್, ಜೋರು ಮಾಡ್ರೇ!" ಎಂದಳು ಪರ್ಲೀನ್. "ಇದು ನಮ್ಮ ಓಡೆಲ್ ಅಲ್ವೇನೇ ವೆರ್ನೀಟಾ?"

"ನನ್ನ ತಮ್ಮಾನೇ. ಬಾಯಿ ಮುಚ್ಚು ಅಂದ್ರೆ ಮುಚ್ತಾ ಇರ್ಲಿಲ್ಲ, ಈಗ ಅದಕ್ಕೇ ದುಡ್ಡು ಕೊಡ್ತಾರೆ ನೋಡು," ಎಂದು ವೆರ್ನೀಟಾ ಕಣ್ಣು ಮುಚ್ಚಿಕೊಂಡೇ ನಕ್ಕಳು. ಎಲ್ಲರೂ ನಕ್ಕರು.

ಓಡೆಲ್‌ನ ಮೊದಲ ರೆಕಾರ್ಡು ಬಂದು ವಾರವಾಗಿತ್ತಷ್ಟೆ. ಬ್ರಾಂಕ್ಸಿನ ಅವರ ಬೀದಿಯ ಹುಡುಗನೊಬ್ಬ ಅಂಗಡಿಯ ಗಾಜಿನ ಹಿಂದೆ ಚಿತ್ರವಾಗಿ ನಿಂತದ್ದು ಅದೇ ಮೊದಲು. ಶಾಲೆಯ ಬಗ್ಗೆ, ಪೊಲೀಸರ ಬಗ್ಗೆ, ಮೂಲೆಯಲ್ಲಿ ಮಾದಕ ಪುಡಿ ಮಾರುವ ಹುಡುಗರ ಬಗ್ಗೆ ಬರೆದ ಹಾಡುಗಳನ್ನು ಅವನು ಅಕ್ಕನ ಮುಂದೆ ಎಷ್ಟೋ ಸಲ ಹೇಳಿ ತೋರಿಸಿದ್ದ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಅವಳು ಕಿವಿಗೊಟ್ಟಳು.

"ಬಾಯ್ಲರ್ ಸತ್ತು ವಾರ ಆಯ್ತು, ಕಿಟಕಿಗೆಲ್ಲ ಮಂಜು,
ಒಲೆ ಹಚ್ಚಿ ಮಲಗಿದ್ಲಮ್ಮ, ಮನೆ ತುಂಬಾ ನಂಜು.
ಡನೀಶಾ! ಡನೀಶಾ!"

ಪರ್ಲೀನಳ ಬೆರಳುಗಳು ಕೂದಲಲ್ಲೇ ನಿಂತುಬಿಟ್ಟವು. ನೀರು ಹರಿಯುತ್ತಲೇ ಇತ್ತು. ಯಾರೋ ಎದ್ದು ರೇಡಿಯೋ ಆರಿಸಿದರು. ಆದರೆ ಹೊರಗೆ ನಿಂತಿದ್ದ ಕಾರಿನಲ್ಲಿ ಅದೇ ಹಾಡು ಮುಂದುವರಿಯಿತು.

ಡನೀಶಾ ವೆರ್ನೀಟಾಳ ಮಗಳು. ಹೋದ ಚಳಿಗಾಲದಲ್ಲಿ ಕಟ್ಟಡದ ಮನೆಗಳನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ಕೆಟ್ಟಾಗ ಮನೆ ಮಾಲೀಕ ಪ್ರಿಚರ್ಡ್ ಇವತ್ತು ನಾಳೆ ಎನ್ನುತ್ತ ಕಳೆದ. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಬಂದ ವೆರ್ನೀಟಾ ಮಗುವಿನ ಕೈಕಾಲು ಮಂಜುಗಡ್ಡೆಯಂತಿರುವುದನ್ನು ನೋಡಿ ಗ್ಯಾಸ್ ಒಲೆ ಹಚ್ಚಿ, ಅದರ ಓವನ್ನಿನ ಬಾಗಿಲು ತೆರೆದಿಟ್ಟು, ಅಡುಗೆಮನೆಯಲ್ಲೇ ಹಾಸಿಗೆ ಹಾಸಿದ್ದಳು. ರಾತ್ರಿ ಮುಚ್ಚಿದ ಕಿಟಕಿಗಳೊಳಗೆ ಒಲೆಯ ವಿಷಗಾಳಿ ತುಂಬಿಕೊಂಡಿತು. ಬೆಳಿಗ್ಗೆ ನೆರೆಯವರು ಬಾಗಿಲು ಒಡೆದು ಇಬ್ಬರನ್ನೂ ಹೊರಗೆ ತಂದರು. ಕಣ್ಣು ಬಿಟ್ಟವಳು ತಾಯಿ ಒಬ್ಬಳೇ. ಗ್ಯಾಸ್ ಪೈಪು ಸೋರಿತ್ತು ಎಂದೇ ಬೀದಿಯವರು ತಿಳಿದಿದ್ದರು. ಒಲೆ ಹಚ್ಚಿದ್ದು ತಾನು ಎಂಬುದನ್ನು ಅವಳು ಆಸ್ಪತ್ರೆಯ ಮಂಚದಲ್ಲಿ ತಮ್ಮನ ಕೈ ಹಿಡಿದು ಹೇಳಿದ್ದಳು, ಅವನೊಬ್ಬನಿಗೆ.

ಅವಳು ಎದ್ದಳು. ಹೆಗಲ ಮೇಲಿನ ಟವೆಲ್ಲಿನಲ್ಲೇ, ಬೆನ್ನಿಗೆ ನೀರಿಳಿಯುತ್ತಿದ್ದಂತೆಯೇ ಬೀದಿ ದಾಟಿ, ಓಡೆಲ್ ಇರುವ ತನ್ನ ತಾಯಿಯ ಮನೆಗೆ ನಡೆದಳು. ತಾಯಿ ಚರ್ಚಿಗೆ ಹೋಗಿದ್ದಳು. ಓಡೆಲ್ ಅಡುಗೆಮನೆಯಲ್ಲಿ ಬ್ರೆಡ್ಡಿನ ನಡುವೆ ಕರಿದ ಮೀನಿಟ್ಟುಕೊಂಡು ತಿನ್ನುತ್ತಿದ್ದ. ಅಕ್ಕನ ತಲೆ ನೋಡಿದವನೇ ತಿನ್ನುವುದನ್ನು ನಿಲ್ಲಿಸಿದ.

"ಕೇಳಿದ್ಯಾ?"

"ನಾನೊಬ್ಳೇ ಅಲ್ಲ. ಪರ್ಲೀನ್ ಅಂಗಡಿ ಪೂರ್ತಿ ಕೇಳ್ತು."

"ಅಕ್ಕಾ, ನಾನೇ ಹೇಳ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ."

"ಬಾಯಿ ಬರ್ಲಿಲ್ವಾ ನಿಂಗೆ? ಊರಿಗೆಲ್ಲ ಹೇಳೋಕೆ ಬಂತಲ್ಲೋ!"

"ಅದು ನಿನ್ನ ಬಗ್ಗೆ ಅಲ್ಲ ಕಣೇ. ಅವನ ಬಗ್ಗೆ. ನಮ್ಮನ್ನ ಚಳೀಲಿ ಸಾಯೋಕೆ ಬಿಟ್ಟೋನ ಬಗ್ಗೆ. ಜನಕ್ಕೆ ಗೊತ್ತಾಗ್ಬೇಡ್ವಾ?"

"ಅವನ ಹೆಸರೆಲ್ಲಿದೆ ಅದ್ರಲ್ಲಿ?"

ಓಡೆಲ್ ತಟ್ಟೆಯನ್ನು ದೂರ ತಳ್ಳಿದ. "ಬರ್ದಿದ್ದೆ. ಪ್ರಿಚರ್ಡ್ ಅಂತ್ಲೇ ಬರ್ದಿದ್ದೆ. ಕೇಸ್ ಹಾಕ್ತಾನೆ ಅಂತ ರೆಕಾರ್ಡು ಕಂಪನಿ ಲಾಯರು ತೆಗೆಸ್ದ."

"ಅವನ ಹೆಸರು ತೆಗೆದ್ರಿ. ನನ್ನ ಮಗಳ ಹೆಸರು ಇಟ್ಕೊಂಡ್ರಿ. ಅವಳು ಕೇಸ್ ಹಾಕಲ್ಲ, ಅಲ್ವಾ?"

ಅವನು ಎದ್ದು ಬಂದು ಟವೆಲ್ಲಿನ ತುದಿಯಿಂದ ಅವಳ ಕತ್ತು ಒರೆಸಲು ಹೋದ. ಅವಳು ಅವನ ಕೈಯನ್ನು ಜಾಡಿಸಿದಳು.

ಸೋಮವಾರ ಓಡೆಲ್ ಕಂಪನಿಗೆ ಹೋಗಿ ಆ ಹಾಡು ಬೇಡವೆಂದ. ರೆಕಾರ್ಡು ಅಂಗಡಿಗಳಲ್ಲಿದೆ, ಇನ್ನು ಹಿಂದಕ್ಕೆ ತರಲಾಗದು ಎಂದರು. ಅಕ್ಕನಿಗೆ ಒಳ್ಳೆಯ ಹೂಗುಚ್ಛ ಕಳಿಸೋಣ ಎಂದೂ ಹೇಳಿದರು. ಆ ಬೇಸಿಗೆ ಹಾಡು ಎಲ್ಲೆಲ್ಲೂ ಕೇಳಿಸಿತು. ಹುಡುಗಿಯರು ಅದರ ತಾಳಕ್ಕೆ ಹಗ್ಗ ಜಿಗಿದರು. ಪತ್ರಿಕೆಯವರು ಬಂದು ಕಟ್ಟಡದ ಫೋಟೋ ತೆಗೆದರು. ನಗರಸಭೆಯವರು ಬಾಯ್ಲರ್ ನೋಡಿ ಹೋದರು. ಪ್ರಿಚರ್ಡ್ ಕಟ್ಟಡ ಮಾರಿ ಫ್ಲೋರಿಡಾ ಕಡೆ ಹೊರಟುಹೋದ ಎಂದು ಜನ ಮಾತಾಡಿಕೊಂಡರು. ಲಾಂಡ್ರಿಯಲ್ಲಿ ವೆರ್ನೀಟಾಳ ಪಕ್ಕ ಕೆಲಸ ಮಾಡುವವರು ಅವಳು ಬಂದ ಕೂಡಲೇ ರೇಡಿಯೋ ಆರಿಸತೊಡಗಿದರು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು.

ಆಗಸ್ಟ್‌ನಲ್ಲಿ ಓಡೆಲ್ ಅವಳ ಬಾಗಿಲಿಗೆ ಬಂದ. ಒಳಗೆ ಕರೆಯದಿದ್ದರೂ ಹೊಸ್ತಿಲಲ್ಲೇ ನಿಂತ.

"ಭಾನುವಾರ ಮಧ್ಯಾಹ್ನ ಪಾರ್ಕಲ್ಲಿ ಹಾಡ್ತಿದೀನಿ. ನೀನು ಬರ್ಬೇಕು."

"ಯಾಕೆ?"

"ಅವಳ ಹೆಸರು ಹೇಳಲ್ಲ. ಆ ಜಾಗದಲ್ಲಿ ಅವನ ಹೆಸರು ಹೇಳ್ತೀನಿ. ಲಾಯರು ಏನ್ ಮಾಡ್ಕೋತಾನೋ ಮಾಡ್ಕೊಳ್ಳಿ. ನೀನು ಕೇಳ್ಬೇಕು ಅಷ್ಟೆ."

ಅವಳು ಬಾಗಿಲು ಹಾಕಿಕೊಂಡಳು. ಆದರೂ ಭಾನುವಾರ ಹೋದಳು.

ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯಂದಿರು ಮಡಿಸುವ ಕುರ್ಚಿ ತಂದಿದ್ದರು. ಕೋಳಿ ಸುಡುವ ಹೊಗೆಯಲ್ಲಿ ವೇದಿಕೆ ಅರ್ಧ ಮಾತ್ರ ಕಾಣುತ್ತಿತ್ತು. ವೆರ್ನೀಟಾ ಹಿಂದೆ, ಬೇಲಿಗೆ ಒರಗಿ ನಿಂತಳು. ಆ ಹಾಡಿನ ಡ್ರಮ್ ಶುರುವಾದಾಗ ಜನರ ನಡುವಿನಿಂದ ಒಂದು ಕೇಕೆ ಎದ್ದಿತು. ಓಡೆಲ್ ಕಣ್ಣು ಮುಚ್ಚಿ ಹಾಡುತ್ತ ಬಂದ. ಬಾಯ್ಲರ್, ಮಂಜು, ಒಲೆ, ನಂಜು. ಆಮೇಲೆ ಮೈಕನ್ನು ಬಾಯಿಗೆ ಒತ್ತಿ ಹಿಡಿದು, ಕತ್ತಿನ ನರ ಉಬ್ಬುವಂತೆ, "ಪ್ರಿಚರ್ಡ್!" ಎಂದು ಕೂಗಿದ.

ಅದು ಯಾರಿಗೂ ಕೇಳಿಸಲಿಲ್ಲ.

"ಡನೀಶಾ! ಡನೀಶಾ!" ಎಂದು ಇಡೀ ಪಾರ್ಕು ಕೂಗಿತು.

ಅವನು ಮತ್ತೆ ಕೂಗಿದ. ಜನ ಇನ್ನೂ ಜೋರಾಗಿ ಕೂಗಿದರು. ಹಾಡು ಅವರಿಗೆ ಬಾಯಿಪಾಠವಾಗಿತ್ತು. ಮೂರನೆಯ ಸಲ ಅವನು ಬಾಯಿ ತೆರೆಯಲಿಲ್ಲ. ಮೈಕು ಹಿಡಿದ ಕೈಯನ್ನು ಕೆಳಗಿಳಿಸಿ, ಅಷ್ಟು ಜನರ ತಲೆಗಳ ಮೇಲಿಂದ ಅಕ್ಕನನ್ನು ಹುಡುಕುತ್ತ ನಿಂತ.

"ಏನಕ್ಕಾ, ಸುಮ್ನೆ ನಿಂತಿದೀಯ? ಬರಲ್ವಾ ನಿಂಗೆ? ಹೇಳು, ಹೇಳು!" ಎಂದು ಪಕ್ಕದಲ್ಲಿದ್ದ ಹರೆಯದ ಹೆಂಗಸೊಬ್ಬಳು ನಗುತ್ತ ವೆರ್ನೀಟಾಳ ತೋಳು ಅಲುಗಾಡಿಸಿದಳು. ಅವಳ ಸೊಂಟದ ಮೇಲಿದ್ದ ಪುಟ್ಟ ಹುಡುಗಿ ಹಲ್ಲೆಲ್ಲ ಕಾಣುವಂತೆ ಆ ಹೆಸರನ್ನೇ ಕೂಗುತ್ತಿದ್ದಳು. ವೆರ್ನೀಟಾಳ ಬಾಯಿ ತೆರೆಯಿತು, ತುಟಿಗಳೂ ಆಡಿದವು. ಸದ್ದು ಮಾತ್ರ ಹೊರಡಲಿಲ್ಲ.

ಹಾಡು ಮುಗಿದಾಗ ಮಗುವಿನ ಕೈಯಲ್ಲಿದ್ದ ಕೆಂಪು ಐಸ್‌ಕ್ಯಾಂಡಿ ಕರಗಿ ಮೊಣಕೈವರೆಗೆ ಇಳಿದಿತ್ತು. ಮಗು ಅದನ್ನು ಆಗಷ್ಟೇ ಗಮನಿಸಿ, ಅಂಟಂಟಾದ ಕೈಯನ್ನು ಗಾಳಿಯಲ್ಲಿ ಚಾಚಿ ಹಿಡಿಯಿತು. ವೆರ್ನೀಟಾ ಚೀಲದಿಂದ ಕರವಸ್ತ್ರ ತೆಗೆದಳು. ಆ ಪುಟ್ಟ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಒಂದೊಂದೇ ಬೆರಳನ್ನು ಒರೆಸತೊಡಗಿದಳು.