ನಲವತ್ತೊಂದು ಹಾಳೆಯ ಟೇಪು

ಬೆಳಗ್ಗೆಯಿಂದ ಇಪ್ಪತ್ತಮೂರು ಪೆಟ್ಟಿಗೆ ಇಳಿಸಿ ರಿಜಿಸ್ಟರಮ್ಮನ ಸೊಂಟ ಬಿದ್ದುಹೋಗಿತ್ತು. ಕ್ರೈಸ್ತ ದೇವಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಸಭೆಯ ಹಳೆಯ ಕಾಗದ ಕಾಯುತ್ತಿದ್ದ ಆಕೆಗೆ ಊರು ಇಟ್ಟ ಹೆಸರು ಅದು. ಮಿಷನ್ನಿನವರು ಬಂದ ಕಾಲದಿಂದ ಇಲ್ಲಿಯವರೆಗಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳು, ಮೊದಲ ಮಿಷನರಿಯ ದಿನಚರಿ, ಎಲ್ಲವೂ ಅಲ್ಲೇ ಇದ್ದವು.

ಅವು ಅಲ್ಲೇ ಉಳಿಯಬೇಕೋ, ರೈಲಿನಲ್ಲಿ ಒಂದೂವರೆ ದಿನದ ದಾರಿಯಾಚೆಯ ಕೇಂದ್ರ ಕಚೇರಿಗೆ ಹೋಗಬೇಕೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು. ಅದಕ್ಕೆಂದೇ ಕೇಂದ್ರದಿಂದ ಕಾಗದ ಪರೀಕ್ಷಿಸುವವರು ಬಂದಿದ್ದರು. ಸಭೆಯವರು ಅವರನ್ನು ಆಗಲೇ ಕಾಗದದ ಡಾಕ್ಟರು ಮಾಡಿದ್ದರು. ಅಜ್ಜಿಯ ದೀಕ್ಷಾಸ್ನಾನದ ತಾರೀಖು ಕೇಳಿಕೊಂಡು ವಾರಕ್ಕೆ ಮೂರು ಜನವಾದರೂ ಈ ಬಾಗಿಲಿಗೆ ಬರುತ್ತಿದ್ದರು. ಅವರು ಅಷ್ಟು ದೂರ ಹೋಗುವುದುಂಟೆ?

ಡಾಕ್ಟರು ಮೊದಲ ದೀಕ್ಷಾಸ್ನಾನ ಪುಸ್ತಕ ತೆರೆದವರು ಹಾಗೇ ನಿಂತರು. ಹರಿದ ಹಾಳೆಗಳ ಮೇಲೆಲ್ಲ ಟೇಪು. ಅದರ ಅಂಟು ಕಂದುಗಟ್ಟಿ ಶಾಯಿಯನ್ನು ನುಂಗಿತ್ತು.

"ಯಾವ ಪುಣ್ಯಾತ್ಮರ ಕೆಲಸ ಇದು? ಗಾಯಕ್ಕೆ ಪಟ್ಟಿ ಕಟ್ಟೋದು ನೋಡಿದ್ದೆ. ಪಟ್ಟಿನೇ ಗಾಯ ಆಗಿರೋದು ಇಲ್ಲೇ ನೋಡ್ತಿರೋದು."

"ಹಳೇ ಕಾಲದ್ದು ಸಾರ್," ಸಭಾಪಾಲಕರಾದ ಅಯ್ಯನವರು ನಡುವೆ ಬಾಯಿ ಹಾಕಿದರು. "ಇವರ ದೊಡ್ಡಪ್ಪ ಇಲ್ಲಿದ್ರಲ್ಲ, ಅವರು ಮಾಡಿರ್ಬೇಕು. ಈಗಿಲ್ಲ ಪಾಪ. ಅಕ್ಕ ಬಂದ ಮೇಲೆ ಎಲ್ಲಾ ಅಚ್ಚುಕಟ್ಟು."

"ಹಿಂದಿನವರದ್ದಾದ್ರೆ ಚಿಂತೆಯಿಲ್ಲ, ಹಾಗೇ ಬರೀತೀನಿ. ಈಗಿರೋರೇ ಮಾಡಿದ್ರೆ ಮಾತ್ರ ಎಲ್ಲಾ ಕೇಂದ್ರಕ್ಕೆ ಸಾಗಿಸ್ಬೇಕು. ಕೆಡಿಸಿದವರ ಕೈಯಲ್ಲೇ ಬಿಡೋ ಹಾಗಿಲ್ಲ, ನಿಯಮ."

ರಿಜಿಸ್ಟರಮ್ಮ ಆ ಟೇಪನ್ನೇ ನೋಡಿದಳು. ದೊಡ್ಡಪ್ಪ ಮೈದಾ ಅಂಟು, ತೆಳು ಕಾಗದ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಅವರು ಆಸ್ಪತ್ರೆ ಸೇರಿದ್ದ ವಾರ, ಕೆಲಸಕ್ಕೆ ಸೇರಿ ವರ್ಷ ತುಂಬಿದ್ದ ಆಕೆ ಹೊಸ ಟೇಪು ತಂದು ಒಂದೇ ಮಧ್ಯಾಹ್ನದಲ್ಲಿ ನಲವತ್ತೊಂದು ಹಾಳೆ ಅಂಟಿಸಿ ಬೀಗಿದ್ದಳು. ಮರಳಿ ಬಂದ ದೊಡ್ಡಪ್ಪ ಬಯ್ಯಲಿಲ್ಲ. "ಕಿತ್ರೆ ಅಕ್ಷರಾನೂ ಬರುತ್ತೆ ಮಗಳೇ, ಬಿಡು. ಕೋಣೆ ಪುಸ್ತಕದಲ್ಲಿ ಬರೆದಿಡು," ಎಂದಿದ್ದರು. ಕೋಣೆಯಲ್ಲಿ ಮಾಡಿದ್ದನ್ನೆಲ್ಲ ಅವತ್ತವತ್ತೇ ಬರೆಯುವ ಪುಸ್ತಕ ಅದು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ. ಈಗ ಕಪಾಟಿನ ತಳದಲ್ಲಿತ್ತು, ಡಾಕ್ಟರು ಕೇಳಿರಲಿಲ್ಲ.

ಡಾಕ್ಟರು ಕೈ ತೊಳೆಯಲು ಹೊರಟಾಗ ಅಯ್ಯನವರು ಪಿಸುಗುಟ್ಟಿದರು. "ಸುಮ್ನಿರಿ ಅಕ್ಕ. ಸತ್ತೋರಿಗೆ ಇದರಿಂದ ಏನು ನಷ್ಟ?"

"ಸತ್ತೋರ ವಿಷಯ ಸರಿಯಾಗಿ ಬರೆದಿಡೋದಕ್ಕೇ ಅಲ್ವಾ ಅಯ್ಯನವರೇ, ನನ್ನನ್ನ ಇಲ್ಲಿ ಕೂರಿಸಿರೋದು?"

ಆಕೆ ಗೋಡೆ ಹಿಡಿದು ಬಗ್ಗಿ ಕೋಣೆ ಪುಸ್ತಕ ಎಳೆದು, ಟೇಪು ಅಂಟಿಸಿದ ದಿನದ ಪುಟ ತೆರೆದಿಟ್ಟಳು. ಹಿಂತಿರುಗಿದ ಡಾಕ್ಟರು ಆ ಪುಟವನ್ನು ಎರಡು ಸಲ ಓದಿ ಪೆನ್ನಿಗೆ ಮುಚ್ಚಳ ಹಾಕಿದರು.

"ತೋರಿಸ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲವಲ್ಲಮ್ಮಾ."

"ನಂಗೆ ಗೊತ್ತಿತ್ತಲ್ಲ ಸಾರ್."

ಗುರುವಾರ ಲಾರಿ ಬಂತು. ಆಕೆ ಪಟ್ಟಿಗೆ ಸಹಿ ಹಾಕಿ, ಕೋಣೆ ಪುಸ್ತಕದಲ್ಲಿ ಅವತ್ತಿನ ಸಾಲು ಬರೆದು, ಅದನ್ನೂ ಕೊನೆಯ ಪೆಟ್ಟಿಗೆಗೆ ಹಾಕಿದಳು. ಶುಕ್ರವಾರ ಅಭ್ಯಾಸಬಲದಿಂದ ಬಂದು ಬೀಗ ತೆಗೆದಳು. ಹನ್ನೊಂದಕ್ಕೆ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದು ತಾಯಿಯ ಹೆಸರು ಹೇಳಿದಳು.

"ಮೂರನೇ ಪುಸ್ತಕ, ಎಂಬತ್ತೆಂಟನೇ ಪುಟ," ಎಂದಳು ರಿಜಿಸ್ಟರಮ್ಮ. ಬಾಯಿಪಾಠವಿದ್ದರೇನು, ಪುಸ್ತಕವಿಲ್ಲದೆ ಪ್ರಮಾಣಪತ್ರಕ್ಕೆ ಮೊಹರು ಒತ್ತುವಂತಿರಲಿಲ್ಲ. ಒಂದು ಚೀಟಿಯಲ್ಲಿ ಅದನ್ನೂ ಕೇಂದ್ರ ಕಚೇರಿಯ ವಿಳಾಸವನ್ನೂ ಬರೆದುಕೊಟ್ಟಳು. "ಇದನ್ನ ಅಂಚೆಗೆ ಹಾಕ್ಸಿ. ಬೇಗ ಹುಡುಕ್ತಾರೆ."

"ಇಲ್ಲೇ ಇತ್ತಲ್ಲ ತಾಯಿ, ಯಾಕೆ ಅಷ್ಟು ದೂರ ಕಳಿಸಿದ್ರಿ?"

"ನಾನು ಟೇಪು ಅಂಟಿಸಿದ್ದೆ."

ಮುದುಕಿಗೆ ಅರ್ಥವಾಗಲಿಲ್ಲ. ಚೀಟಿ ಮಡಚಿಕೊಂಡು, ಬಂದ ಆಯಾಸ ಕಳೆಯಲು ಖಾಲಿ ಕಪಾಟಿಗೆ ಒರಗಿ ಕೂತಳು. ರಿಜಿಸ್ಟರಮ್ಮ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟಳು.